ಹಳೇ ಫಾರ್ಮುಲಾ ಗಾಡಿ ರಿಪೇರಿ ಟೀಮು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಹುಡುಗ್ರು ಕಟ್ಟಿದ ಒಂದು ಹಳೇ ರೇಸ್ ಗಾಡೀನ ರಿಪೇರಿ ಮಾಡ್ತಿದೀವಿ, ನಮ್ಮ ಶೆಡ್‌ಗೆ ಬರೋರೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ. ಪ್ರತಿ ಸಲ ಗ್ರೈಂಡರ್ ಆಫ್ ಮಾಡಿ ಕನ್ನಡಕ ತೆಗ್ದು ಉತ್ತರ ಹೇಳ್ತಾ ನಿಂತ್ರೆ ಶನಿವಾರ ಪೂರ್ತಿ ಅದರಲ್ಲೇ ಹೋಗುತ್ತೆ, ಅದಕ್ಕೆ ಒಂದೇ ಕಡೆ ಬರ್ದಿಟ್ಟಿದೀವಿ. ಓದ್ಕೊಂಡು ಬನ್ನಿ, ಬಂದ್ಮೇಲೆ ಹೊಸ ಪ್ರಶ್ನೆ ಕೇಳಿ.

ಇದು ಎಫ್ ಒನ್ ಗಾಡೀನಾ?

ಅಲ್ಲ ಗುರು. ನೋಡೋಕೆ ಹಂಗೇ ಕಾಣುತ್ತೆ, ಒಂದೇ ಸೀಟು, ಚಕ್ರ ನಾಲ್ಕೂ ಹೊರಗೆ, ಮುಂದೆ ಚೂಪು ಮೂತಿ. ಆದ್ರೆ ಇದು ಇಂಜಿನಿಯರಿಂಗ್ ಹುಡುಗ ಹುಡುಗೀರು ಕಾಲೇಜು ವರ್ಕ್‌ಶಾಪ್‌ನಲ್ಲಿ ಕೂತು ತಾವೇ ಡಿಸೈನ್ ಮಾಡಿ ತಾವೇ ವೆಲ್ಡ್ ಮಾಡಿದ ಗಾಡಿ. ಈ ಥರದ ಸ್ಪರ್ಧೆ ಫಾರ್ಮುಲಾ ಎಸ್‌ಎಇ (ಎಸ್‌ಎಇ ಅಂದ್ರೆ ವಾಹನ ಇಂಜಿನಿಯರ್‌ಗಳ ಸಂಘ) ಅನ್ನೋ ಹೆಸರಲ್ಲಿ 1981ರಲ್ಲಿ ಅಮೆರಿಕಾದ ಟೆಕ್ಸಾಸ್ ಯೂನಿವರ್ಸಿಟಿಯಲ್ಲಿ ಶುರುವಾಯ್ತು, ಇಂಗ್ಲೆಂಡ್‌ಗೆ 1998ರಲ್ಲಿ ಫಾರ್ಮುಲಾ ಸ್ಟೂಡೆಂಟ್ ಆಗಿ ಬಂತು, ನಮ್ಮಲ್ಲಿ ಸುಪ್ರಾ ಎಸ್‌ಎಇ ಇಂಡಿಯಾ 2011ರಲ್ಲಿ ಶುರುವಾಯ್ತು. ಮೊದಮೊದಲು ಅದು ನಡೀತಿದ್ದದ್ದು ಚೆನ್ನೈ ಹತ್ತಿರ ಶ್ರೀಪೆರಂಬುದೂರಿನ ಕಡೆ ಇರೋ ರೇಸ್ ಟ್ರ್ಯಾಕ್‌ನಲ್ಲಿ, ಆಮೇಲೆ ನೋಯ್ಡಾ ಕಡೆಯ ಬುದ್ಧ ಸರ್ಕ್ಯೂಟ್‌ಗೆ ಹೋಯ್ತು. ನಮ್ಮ ಗಾಡಿ ಆ ಚೆನ್ನೈ ಕಾಲದ್ದು. ಸ್ಟೀಲ್ ಪೈಪಿನ ಚಾಸಿ (ಗಾಡಿಯ ಎಲುಬುಗೂಡು), ಫೈಬರ್ ಬಾಡಿ, ಸೀಟಿನ ಹಿಂದೆ ರಾಯಲ್ ಎನ್‌ಫೀಲ್ಡ್ 500ರ ಎಂಜಿನ್.

ಹೌದಾ, ಬುಲೆಟ್ ಎಂಜಿನ್ನಾ?!

ಹೌದು. ನಗಬೇಡಿ. ಆಗ ಇಲ್ಲಿ ಶೋರೂಮ್‌ನಿಂದ ಸುಲಭಕ್ಕೆ ಸಿಗ್ತಿದ್ದ ದೊಡ್ಡ ಎಂಜಿನ್ ಅಂದ್ರೆ ಇದೇ, ಫ್ಯೂಯಲ್ ಇಂಜೆಕ್ಷನ್ ಬೇರೆ ಇತ್ತು, ಮೂಲೆಮೂಲೆಯಲ್ಲೂ ಅದನ್ನ ಬಿಚ್ಚೋಕೆ ಗೊತ್ತಿರೋ ಮೆಕ್ಯಾನಿಕ್ ಸಿಗ್ತಿದ್ರು. ಹೊರದೇಶದ ಟೀಮುಗಳು ಬಳಸ್ತಿದ್ದ 600 ಸಿಸಿ ನಾಲ್ಕು ಸಿಲಿಂಡರ್ ಎಂಜಿನ್ ತರಿಸೋಷ್ಟು ದುಡ್ಡು ಯಾರ ಹತ್ರ ಇತ್ತು.

ಇಷ್ಟು ವರ್ಷ ಗುಜರಿಗೆ ಹೋಗದೆ ಹೆಂಗೆ ಉಳೀತು?

ಒಳ್ಳೇ ಪ್ರಶ್ನೆ, ಯಾಕಂದ್ರೆ ಇಂಥ ಗಾಡಿಗಳು ಉಳಿಯೋದೇ ಅಪರೂಪ. ಈ ಸ್ಪರ್ಧೆಗಳಲ್ಲಿ ಹಳೇ ಗಾಡೀನೇ ಬಣ್ಣ ಬಳ್ಕೊಂಡು ಮತ್ತೆ ತರೋ ಹಾಗಿಲ್ಲ, ಚಾಸಿ ಹೊಸದೇ ಇರ್ಬೇಕು. ಹಂಗಾಗಿ ಸ್ಪರ್ಧೆ ಮುಗಿದ ಮರುದಿನದಿಂದ ಹಳೇ ಗಾಡಿ ಅನ್ನೋದು ಮುಂದಿನ ಬ್ಯಾಚಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಮೊದಲು ಚಕ್ರ ಹೋಗುತ್ತೆ, ಆಮೇಲೆ ಸ್ಟೀರಿಂಗ್, ಬ್ರೇಕ್ ಕ್ಯಾಲಿಪರ್, ಕೊನೆಗೆ ಬರೀ ಪೈಪು ಉಳಿದು ಒಂದಿನ ಯಾರೋ ಕೆಜಿ ಲೆಕ್ಕದಲ್ಲಿ ತೂಗಿ ಕೊಟ್ಬಿಡ್ತಾರೆ.

ನಮ್ಮದರ ಚಕ್ರ, ಸ್ಟೀರಿಂಗ್ ವೀಲು, ಡ್ಯಾಂಪರ್‌ಗಳು (ಶಾಕ್ ಅಬ್ಸಾರ್ಬರ್) ಹೋಗಿದ್ವು. ಎಂಜಿನ್ ಮಾತ್ರ ಉಳೀತು, ಅದಕ್ಕೆ ಕಾರಣ ಯಾರಿಗೂ ಅದು ಬೇಕಾಗಿರಲಿಲ್ಲ ಅಷ್ಟೇ. 2013ರಲ್ಲಿ ಕೆಟಿಎಂ ಡ್ಯೂಕ್ 390 ಬಂತು, 373 ಸಿಸಿ, ಲಿಕ್ವಿಡ್ ಕೂಲಿಂಗ್, ಇದರ ಒಂದೂವರೆ ಪಟ್ಟು ಪವರ್, ತೂಕ ಎಷ್ಟೋ ಕಡಿಮೆ. ಅಲ್ಲಿಂದ ಮುಂದೆ ದೇಶದ ಅರ್ಧ ಟೀಮುಗಳು ಅದರ ಹಿಂದೆ ಬಿದ್ವು, ನಮ್ಮ ಕಾಲೇಜಿನ ಜೂನಿಯರ್‌ಗಳೂ ಅಷ್ಟೇ. ಬುಲೆಟ್ ಎಂಜಿನ್ ಹೊರೋಕೆ ನಾಲ್ಕು ಜನ ಬೇಕಿತ್ತು, ಹೊರೋಕೆ ಯಾರೂ ಬರಲಿಲ್ಲ, ಗಾಡಿ ಹಂಗೇ ಲ್ಯಾಬ್ ಹಿಂದೆ ಒಂದು ಫ್ಲೆಕ್ಸ್ ಬ್ಯಾನರ್ ಕೆಳಗೆ ಮಲ್ಕೊಂಡಿತ್ತು.

ರಿಸ್ಟೋರ್ ಅಂದ್ರೆ ಹೊಸ ಗಾಡಿ ಥರ ಮಾಡೋದು ತಾನೇ? ಫುಲ್ ಮಾಡಿಫೈ ಮಾಡಿ?

ಇಲ್ಲ. ಇದೊಂದು ವಿಷಯದಲ್ಲಿ ನಾವು ಸ್ವಲ್ಪ ಹಟಮಾರಿಗಳು.

ಆ ಹುಡುಗ್ರು ಹೆಂಗೆ ಕಟ್ಟಿದ್ರೋ ಹಂಗೇ ನಿಲ್ಲಿಸ್ಬೇಕು ಅನ್ನೋದು ನಮ್ಮ ಲೆಕ್ಕ. ಎಡಗಡೆ ಎಂಜಿನ್ ಮೌಂಟಿನ ಪ್ಲೇಟ್ ನೋಡಿ, ಅದರ ಅಂಚಲ್ಲಿ ಆಕ್ಸಾ ಬ್ಲೇಡಿನ ಗೆರೆಗಳು ಹಂಗೇ ಇವೆ, ಒಂದು ಕಡೆ ಗೆರೆ ಓರೆಯಾಗಿ ಹೋಗಿ ಮತ್ತೆ ನೇರ ಆಗಿದೆ, ಅಂದ್ರೆ ಅರ್ಧಕ್ಕೆ ಕೈ ಬದಲಾಗಿದೆ, ಒಬ್ಬರು ಸುಸ್ತಾಗಿ ಇನ್ನೊಬ್ಬರು ಕೊಯ್ದಿದಾರೆ. ಲೇಸರ್ ಕಟಿಂಗ್‌ಗೆ ದುಡ್ಡಿರಲಿಲ್ಲ ಅನ್ನೋದು ಆ ಪ್ಲೇಟಲ್ಲೇ ಬರ್ದಿದೆ. ಅದನ್ನ ಗ್ರೈಂಡ್ ಮಾಡಿ ನುಣ್ಣಗೆ ಮಾಡೋಣ ಅಂತ ಬಂದವರಿಗೆಲ್ಲ ಬೇಡ ಅಂದಿದೀವಿ. ಸೀಟಿನ ಕೆಳಗಿನ ಪೈಪಿನ ಮೇಲೆ ಮಾರ್ಕರ್‌ನಲ್ಲಿ "ಈ ಬೋಲ್ಟ್ ಮುಟ್ಟಿದವರು ಎಂಡ್ಯೂರೆನ್ಸ್ ಓಡಿಸ್ಬೇಕು" ಅಂತ ಬರ್ದಿದಾರೆ (ಎಂಡ್ಯೂರೆನ್ಸ್ ಅಂದ್ರೆ ಸ್ಪರ್ಧೆಯ ಉದ್ದದ ಓಟ), ಬಣ್ಣ ಹೊಡೆಯುವಾಗ ಆ ಜಾಗಕ್ಕೆ ಟೇಪ್ ಹಚ್ಚಿ ಬಿಟ್ವಿ.

ಬದಲಾಯಿಸೋದು ಮನುಷ್ಯರ ಜೀವಕ್ಕೆ ಸಂಬಂಧಪಟ್ಟದ್ದು ಮಾತ್ರ. ಬೆಲ್ಟು, ಬ್ರೇಕು, ಪೆಟ್ರೋಲ್ ಪೈಪು, ಟೈರು, ಬಿರುಕು ಬಿಟ್ಟ ವೆಲ್ಡು. ಮಿಕ್ಕಿದ್ದು ಕೆಟ್ಟದಾಗಿದ್ರೂ ಅವರದ್ದೇ.

ಚಾಸಿ ಗಟ್ಟಿ ಇದ್ಯಾ? ತುಕ್ಕು ಹಿಡಿದಿಲ್ವಾ?

ಹಿಡಿದಿತ್ತು, ಆದ್ರೆ ನೋಡಿದ ತಕ್ಷಣ ಕಾಣೋ ತುಕ್ಕು ದೊಡ್ಡ ತಲೆನೋವಲ್ಲ. ಹೊರಗಿನ ತುಕ್ಕನ್ನ ವೈರ್ ಬ್ರಷ್ ಹಾಕಿ ತೆಗೀಬಹುದು, ಭಯ ಇರೋದು ಪೈಪಿನ ಒಳಗಡೆಯದ್ದು.

ಇದಕ್ಕೆ ಸ್ಪರ್ಧೆಯ ನಿಯಮಗಳೇ ಒಂದು ದಾರಿ ಮಾಡ್ಕೊಟ್ಟಿವೆ. ಡ್ರೈವರ್ ತಲೆ ಹಿಂದಿನ ದೊಡ್ಡ ಕಮಾನು ಮತ್ತು ಸ್ಟೀರಿಂಗ್ ಹತ್ರದ ಚಿಕ್ಕ ಕಮಾನು ಇರುತ್ತಲ್ಲ, ಗಾಡಿ ಉರುಳಿದ್ರೆ ತಲೆ ಕಾಯೋದು ಅವೇ, ಅವುಗಳ ಪೈಪು 25.4 ಮಿಲಿಮೀಟರ್ ದಪ್ಪ, ಗೋಡೆ ಕನಿಷ್ಠ 2.4 ಮಿಲಿಮೀಟರ್ ಇರ್ಬೇಕು. ಇದನ್ನ ಜಡ್ಜುಗಳು ಅಳೆದು ನೋಡ್ಲಿ ಅಂತ ಎರಡೂ ಕಮಾನುಗಳಲ್ಲಿ 4.5 ಮಿಲಿಮೀಟರಿನ ಒಂದೊಂದು ತೂತು ಕೊರೀಬೇಕು. ಆ ತೂತು ನಮಗೆ ಕಿಟಕಿ ಆಯ್ತು. ಮೊಬೈಲಿಗೆ ಹಾಕೋ ಸಣ್ಣ ಕ್ಯಾಮೆರಾ ವೈರು ಸಿಗುತ್ತಲ್ಲ, ಅದರ ತೆಳ್ಳನೇದನ್ನ ಒಳಗೆ ಬಿಟ್ಟು ನೋಡಿದ್ವಿ. ದೊಡ್ಡ ಕಮಾನಿನ ಒಳಗೆ ಮೇಲ್ಮೈ ಮೇಲೆ ಕಂದು ಪುಡಿ ಇತ್ತು, ಗುಳಿ ಬಿದ್ದಿರಲಿಲ್ಲ. ಚಿಕ್ಕ ಕಮಾನಿನ ತೂತು ಮೇಲ್ಮುಖ ಆಗಿದ್ರಿಂದ ಅಲ್ಲಿ ಮಳೆ ನೀರು ಇಳಿದು ಬುಡದಲ್ಲಿ ನಿಂತಿತ್ತು, ಅಲ್ಟ್ರಾಸೋನಿಕ್ ಗೇಜ್ ಇಟ್ಟು ಅಳೆದಾಗ ಕೆಳಗಿನ ಗೇಣುದ್ದ ಭಾಗ ತೆಳ್ಳಗಾಗಿದ್ದು ಗೊತ್ತಾಯ್ತು. ಆ ತುಂಡು ಕತ್ತರಿಸಿ ಹೊಸ ಪೈಪು, ಜೋಡಣೆಯ ಒಳಗೊಂದು ಸಣ್ಣ ಪೈಪಿನ ತುಂಡು (ಸ್ಲೀವ್) ಕೊಟ್ಟು ಟಿಗ್ ವೆಲ್ಡ್ ಮಾಡಿಸಿದೀವಿ. ಪೀಣ್ಯದ ವೆಲ್ಡರ್ ಅಣ್ಣನ ಕೈಯಲ್ಲಿ, ನಮ್ಮ ಕೈಯಲ್ಲಲ್ಲ.

ಆಮೇಲೆ ವೆಲ್ಡುಗಳು. ಪೌಡರ್ ಕೋಟಿಂಗ್ ನೋಡೋಕೆ ಚಂದ, ಬಿರುಕನ್ನ ಅಷ್ಟೇ ಚಂದ ಮುಚ್ಚುತ್ತೆ. ಅದಕ್ಕೆ ಸಸ್ಪೆನ್ಷನ್ ಬ್ರಾಕೆಟ್ ಇರೋ ಜಾಯಿಂಟುಗಳಲ್ಲೆಲ್ಲ ಬಣ್ಣ ಕೆರೆದು ಡೈ ಪೆನೆಟ್ರಂಟ್ ಟೆಸ್ಟ್ ಮಾಡಿದ್ವಿ. ಮೂರು ಸ್ಪ್ರೇ ಡಬ್ಬಿ ಬರುತ್ತೆ, ಒಂದು ಕ್ಲೀನರ್, ಒಂದು ಕೆಂಪು ಡೈ, ಒಂದು ಬಿಳೀ ಡೆವಲಪರ್. ಕೆಂಪು ಹೊಡೆದು ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ ಬಿಳೀದು ಹೊಡೀಬೇಕು. ಬಿರುಕಿಲ್ಲ ಅಂದ್ರೆ ಬಿಳೀ ಬಿಳೀಯಾಗೇ ಇರುತ್ತೆ. ಬಲಗಡೆ ಮುಂದಿನ ಕೆಳ ಬ್ರಾಕೆಟ್ ಹತ್ರ ಮೊದಲು ಒಂದು ಕೆಂಪು ಚುಕ್ಕಿ ಬಂತು, ಧೂಳು ಇರ್ಬೇಕು ಅಂದ್ಕೊಂಡ್ವಿ, ನೋಡ್ತಾ ನೋಡ್ತಾ ಚುಕ್ಕಿ ಎರಡೂ ಕಡೆ ಬೆಳೆದು ವೆಲ್ಡಿನ ಅಂಚಿಗೇ ಕೂದಲಿನಷ್ಟು ಸಣ್ಣ ಗೆರೆ ಆಯ್ತು. ಬರೀ ಕಣ್ಣಿಗೆ ಅಲ್ಲಿ ಏನೇನೂ ಇರಲಿಲ್ಲ. ಯಾರಾದ್ರೂ "ಮೇಲಿಂದ ಪಾಲಿಶ್ ಮಾಡಿ ಓಡಿಸಿ ಸಾಕು" ಅಂದ್ರೆ ಆ ಫೋಟೋ ತೋರಿಸ್ತೀವಿ.

ಎಂಜಿನ್ ಸ್ಟಾರ್ಟ್ ಆಯ್ತಾ?

ಆಯ್ತು. ಸೀದಾ ಬ್ಯಾಟರಿ ಕೊಟ್ಟು ಸೆಲ್ಫ್ ಒತ್ತಿದ್ದಿದ್ರೆ ಎಂಜಿನ್ ಕೆಟ್ಟೇ ಹೋಗಿರ್ತಿತ್ತು. ಮೊದಲು ಪ್ಲಗ್ ಬಿಚ್ಚಿ ಸಿಲಿಂಡರ್ ಒಳಗೆ ಸ್ವಲ್ಪ ಆಯಿಲ್ ಬಿಟ್ಟು ರಾತ್ರಿಯಿಡೀ ನೆನೆಯೋಕೆ ಬಿಟ್ಟು, ಬೆಳಗ್ಗೆ ಐದನೇ ಗೇರ್ ಹಾಕಿ ಚೈನ್ ಸ್ಪ್ರಾಕೆಟ್ ಹಿಡಿದು ಕೈಯಲ್ಲೇ ತಿರುಗಿಸಿ, ಪಿಸ್ಟನ್ ಸರಾಗ ಓಡಾಡ್ತಿದೆ ಅಂತ ಖಾತ್ರಿ ಆದ್ಮೇಲೆ ಹಳೇ ಆಯಿಲ್ ಬಸಿದು ಹೊಸ ಆಯಿಲ್ ಹಾಕಿದ್ದು. ಈ ಎಂಜಿನ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ (ವಾಲ್ವ್ ತಳ್ಳೋ ಭಾಗ, ಒಳಗೆ ಆಯಿಲ್ ತುಂಬಿರುತ್ತೆ), ವರ್ಷಗಟ್ಟಲೆ ನಿಂತಿದ್ರೆ ಅದರೊಳಗಿನ ಆಯಿಲ್ ಇಳಿದುಹೋಗಿರುತ್ತೆ, ಮೊದಲು ಸ್ಟಾರ್ಟ್ ಆದಾಗ ಟಕಟಕ ಟಕಟಕ ಅಂತ ಹೊಡ್ಕೊಳ್ಳುತ್ತೆ, ಆಯಿಲ್ ತುಂಬಿದ ಮೇಲೆ ಸುಮ್ಮನಾಗುತ್ತೆ. ಗೊತ್ತಿಲ್ಲದವರು ಆ ಸದ್ದಿಗೆ ಹೆದರಿ ಎಂಜಿನ್ ಬಿಚ್ಚಿಬಿಡ್ತಾರೆ.

ಏರ್ ಫಿಲ್ಟರ್ ಹಿಂದೆ ಇರೋ ಆ ದೊಡ್ಡ ಅಲ್ಯೂಮಿನಿಯಂ ಡಬ್ಬಿ ಏನು?

ಅಬ್ಬಾ, ಇದನ್ನ ಕೇಳಿದವರಿಗೆ ಟೀ ನಮ್ಮ ಕಡೆಯಿಂದ.

ನಿಯಮದ ಪ್ರಕಾರ ಎಂಜಿನ್‌ಗೆ ಹೋಗೋ ಅಷ್ಟೂ ಗಾಳಿ 20 ಮಿಲಿಮೀಟರಿನ ಒಂದೇ ತೂತಿನಿಂದ ಹೋಗ್ಬೇಕು. ರೆಸ್ಟ್ರಿಕ್ಟರ್ ಅಂತಾರೆ. ಯಾವ ಎಂಜಿನ್ ತಂದ್ರೂ ಪವರ್ ಮಿತಿಯಲ್ಲಿರಲಿ ಅನ್ನೋದು ಉದ್ದೇಶ. ಅಷ್ಟು ಸಣ್ಣ ತೂತಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟೇ ಎಳೆದ್ರೂ ಹೆಚ್ಚು ಬರಲ್ಲ, ಸೆಕೆಂಡಿಗೆ ಸುಮಾರು 70 ಗ್ರಾಂ, ಅಷ್ಟೇ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರೋದ್ರಿಂದ ಇಲ್ಲಿ ಇನ್ನೂ ಸ್ವಲ್ಪ ಕಡಿಮೆ.

ಈಗ ಲೆಕ್ಕ ನೋಡಿ. 500 ಸಿಸಿ ಎಂಜಿನ್ 5250 ಆರ್‌ಪಿಎಂನಲ್ಲಿ ಕುಡಿಯೋದು ಸರಾಸರಿ ಸೆಕೆಂಡಿಗೆ 25 ಗ್ರಾಂ ಆಸುಪಾಸು. ಹಂಗಾದ್ರೆ ರೆಸ್ಟ್ರಿಕ್ಟರ್‌ನಿಂದ ಇದಕ್ಕೇನೂ ತೊಂದರೆ ಇಲ್ಲ ಅನ್ಸುತ್ತೆ ಅಲ್ವಾ? ಆದ್ರೆ ಇದು ಸಿಂಗಲ್ ಸಿಲಿಂಡರ್. ಎರಡು ಸುತ್ತಿಗೆ ಒಂದೇ ಸಲ ಉಸಿರು ಎಳೆಯೋದು, ಅಂದ್ರೆ ನಾಲ್ಕು ಸ್ಟ್ರೋಕಲ್ಲಿ ಒಂದರಲ್ಲಿ ಮಾತ್ರ. ಆ ಗಳಿಗೆಗೆ ಬೇಕಾಗೋ ಗಾಳಿ ಸರಾಸರಿಯ ನಾಲ್ಕು ಪಟ್ಟು, ನೂರು ಗ್ರಾಂ ಲೆಕ್ಕ, ಅಲ್ಲಿ ತೂತು ಕೈಕೊಡುತ್ತೆ. ಅದಕ್ಕೇ ಮಧ್ಯೆ ಆ ಡಬ್ಬಿ, ಪ್ಲೀನಮ್. ಮನೆ ಮೇಲಿನ ನೀರಿನ ಟ್ಯಾಂಕ್ ಥರ, ಸಣ್ಣ ಪೈಪಲ್ಲಿ ನಿಧಾನಕ್ಕೆ ತುಂಬ್ತಾ ಇರುತ್ತೆ, ಬೇಕಾದಾಗ ಒಂದೇ ಸಲ ಕೊಡುತ್ತೆ. ಜಾಸ್ತಿ ದೊಡ್ಡದು ಮಾಡಿದ್ರೆ ಆಕ್ಸಿಲರೇಟರ್ ಒತ್ತಿದ ಮೇಲೆ ಎಂಜಿನ್ ಎಚ್ಚರ ಆಗೋದು ತಡ. ಆ ಹುಡುಗ್ರು ಎಷ್ಟು ದೊಡ್ಡದು ಮಾಡ್ಬೇಕು ಅಂತ ತಲೆ ಕೆಡಿಸ್ಕೊಂಡಿರೋದಕ್ಕೆ ಸಾಕ್ಷಿ ಇದೆ, ಡಬ್ಬಿಯನ್ನ ಒಂದ್ಸಲ ಮಧ್ಯಕ್ಕೆ ಕತ್ತರಿಸಿ ಚಿಕ್ಕದು ಮಾಡಿ ಮತ್ತೆ ವೆಲ್ಡ್ ಮಾಡಿದಾರೆ, ಆ ಗೆರೆ ಈಗ್ಲೂ ಕಾಣುತ್ತೆ.

ಆ ವರ್ಷ ಗಾಡಿ ರೇಸ್ ಮುಗಿಸ್ತಾ?

ಇಲ್ಲ. ಎಂಡ್ಯೂರೆನ್ಸ್ ಅಂತ 22 ಕಿಲೋಮೀಟರಿನ ಓಟ ಇರುತ್ತೆ, ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ಡ್ರೈವರ್ ಬದಲಾಗ್ಬೇಕು, ಮತ್ತೆ ಸ್ಟಾರ್ಟ್ ಮಾಡಿ ಹೊರಡ್ಬೇಕು. ಗಾಡಿ ಕಟ್ಟಿದ ಸೀನಿಯರ್‌ಗಳು ಹೇಳೋ ಪ್ರಕಾರ ಮೊದಲರ್ಧ ಚೆನ್ನಾಗೇ ಓಡ್ತು, ಎರಡನೇ ಡ್ರೈವರ್ ಕೂತ ಮೇಲೆ ಸೆಲ್ಫ್ ಎಷ್ಟು ಒತ್ತಿದ್ರೂ ಎಂಜಿನ್ ಹಿಡೀಲೇ ಇಲ್ಲ. ಬ್ಯಾಟರಿ ವೀಕು ಅಂತ ಅವರು ಇಷ್ಟು ದಿನ ನಂಬ್ಕೊಂಡಿದ್ರು.

ಬಿಚ್ಚಿ ನೋಡಿದಾಗ ನಮಗೆ ಸಿಕ್ಕಿದ್ದು ಬೇರೆ. ಪೆಟ್ರೋಲ್ ಪೈಪು ಸೈಲೆನ್ಸರ್ ಬೆಂಡಿನ ಪಕ್ಕದಲ್ಲೇ ಹಾದು ಹೋಗಿದೆ, ಆ ಕಡೆಗಿನ ರಬ್ಬರು ಸುಟ್ಟು ಕಂದಾಗಿ ಗಡುಸಾಗಿದೆ. ಇದು ಗಾಳಿಯಿಂದ ತಣ್ಣಗಾಗೋ ಎಂಜಿನ್, ಡ್ರೈವರ್ ಬೆನ್ನ ಹಿಂದೆ ಕೂತಿದೆ, ಓಡ್ತಿರುವಾಗ ಪಕ್ಕದ ಡಕ್ಟ್‌ನಿಂದ ಅಷ್ಟೋ ಇಷ್ಟೋ ಗಾಳಿ ಬರುತ್ತೆ, ನಿಂತ ತಕ್ಷಣ ಅದೂ ಇಲ್ಲ. ನಿಂತಿದ್ದ ಹೊತ್ತಲ್ಲಿ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಇಂಜೆಕ್ಟರ್‌ಗೆ ಬರೀ ಗುಳ್ಳೆ ಹೋಗಿರ್ಬೇಕು ಅನ್ನೋದು ನಮ್ಮ ಅಂದಾಜು.

ಟೀಮಲ್ಲಿ ಜೋರಾಗಿ ಜಗಳ ಆಗಿದ್ದು ಇದೊಂದಕ್ಕೇ. ಅವರ ತಪ್ಪು ಹಂಗೇ ಇರ್ಲಿ ಅಂತ ಕೆಲವರು, ಬೆಂಕಿ ಹತ್ತಿಕೊಂಡ್ರೆ ಯಾರು ಗತಿ ಅಂತ ಕೆಲವರು. ಕೊನೆಗೆ ಹೊಸ ಪೈಪನ್ನ ಬೇರೆ ದಾರಿಯಲ್ಲಿ ತಂದ್ವಿ, ಹಳೇ ಕ್ಲಿಪ್ಪುಗಳನ್ನ ಖಾಲಿಯಾಗಿ ಅಲ್ಲಲ್ಲೇ ಬಿಟ್ವಿ. ಬಂದವರಿಗೆ ಕ್ಲಿಪ್ ತೋರಿಸಿ ಈ ಕಥೆ ಹೇಳ್ತೀವಿ.

ಈಗಿನ ಪೆಟ್ರೋಲ್ ಹಾಕಿದ್ರೆ ಆಗುತ್ತಾ?

ಈಗ ಬಂಕ್‌ನಲ್ಲಿ ಸಿಗೋದು ಇ20, ನೂರಕ್ಕೆ 20 ಭಾಗ ಎಥನಾಲ್. ಆ ಕಾಲದ ರಬ್ಬರ್ ಪೈಪು, ಓ ರಿಂಗ್ ಇದಕ್ಕೆ ಅಂತ ಮಾಡಿದ್ದಲ್ಲ, ಊದ್ಕೊಳ್ಳುತ್ತೆ ಇಲ್ಲಾ ಬಿರಿಯುತ್ತೆ. ಎಥನಾಲ್ ನೀರನ್ನ ಬೇರೆ ಹೀರುತ್ತೆ, ಟ್ಯಾಂಕಲ್ಲಿ ತಿಂಗಳುಗಟ್ಟಲೆ ಬಿಟ್ರೆ ನೀರು ಬೇರೆಯಾಗಿ ತಳದಲ್ಲಿ ಕೂತು ತುಕ್ಕು ಹಿಡಿಸುತ್ತೆ. ಅದಕ್ಕೆ ಪೈಪು, ಸೀಲು ಎಲ್ಲ ಎಥನಾಲ್ ತಡೆಯೋದು ಹಾಕಿದೀವಿ, ಎಂಜಿನ್ ಓಡಿಸಿದ ದಿನವೇ ಟ್ಯಾಂಕ್ ಖಾಲಿ ಮಾಡ್ತೀವಿ. ಉಳಿದ ಪೆಟ್ರೋಲು ಯಾರ ಸ್ಕೂಟರ್‌ಗೆ ಹೋಗುತ್ತೆ ಅನ್ನೋದು ಆವತ್ತಿನ ಪಾಳಿ ಮೇಲೆ.

ಬ್ರೇಕು?

ಪೂರ್ತಿ ಹೊಸದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರ್ಕೊಳ್ಳುತ್ತೆ, ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಲ್ಲ, ತೇವ ಕುಡಿದ ಮೇಲೆ ಅದು 155ಕ್ಕೆ ಇಳಿಯಬಹುದು. ನಮ್ಮದರಲ್ಲಿ ಇದ್ದದ್ದು ಆಯಿಲ್ ಅನ್ನೋಕಿಂತ ಕಷಾಯ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಭಾಗ) ಒಳಗೆ ತುಕ್ಕಿನ ಗುಳಿ ಬಿದ್ದಿದ್ರಿಂದ ಎರಡನ್ನೂ ಬದಲಾಯಿಸಿದ್ವಿ. ಎರಡು ಯಾಕೆ ಅಂದ್ರೆ ಮುಂದಕ್ಕೊಂದು ಹಿಂದಕ್ಕೊಂದು ಬೇರೆಬೇರೆ ಲೈನ್ ಇರ್ಲೇಬೇಕು, ಒಂದು ಸೋರಿದ್ರೂ ಇನ್ನೊಂದು ಹಿಡೀಬೇಕು. ಪೆಡಲ್ ಹಿಂದೆ ಒಂದು ಸ್ವಿಚ್ಚೂ ಇದೆ, ಬ್ರೇಕ್ ಫೇಲ್ ಆಗಿ ಪೆಡಲ್ ಪೂರ್ತಿ ಒಳಗೆ ಹೋದ್ರೆ ಅದಕ್ಕೆ ತಗುಲಿ ಎಂಜಿನ್ ಆಫ್ ಆಗುತ್ತೆ. ಸ್ಪರ್ಧೆಯಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗದೆ ಇದ್ರೆ ಗಾಡೀನ ಟ್ರ್ಯಾಕಿಗೇ ಬಿಡಲ್ಲ, ನಾವೂ ಅದೇ ಪರೀಕ್ಷೆ ಇಟ್ಕೊಂಡಿದೀವಿ.

ಟೈರು, ಸೀಟ್ ಬೆಲ್ಟ್ ಹಳೇದೇ ಚೆನ್ನಾಗಿ ಕಾಣ್ತಿದ್ಯಲ್ಲ, ಯಾಕೆ ಬಿಸಾಕಿದ್ರಿ?

ಬಿಸಾಕಿಲ್ಲ, ಗೋಡೆಗೆ ನೇತು ಹಾಕಿದೀವಿ. ರೇಸ್ ಬೆಲ್ಟಿನ ಪಟ್ಟಿ ಬಿಸಿಲು ಬೆವರಿಗೆ ಒಳಗೊಳಗೇ ಸತ್ತುಹೋಗಿರುತ್ತೆ, ಎಫ್‌ಐಎ (ಜಾಗತಿಕ ಮೋಟಾರ್ ರೇಸ್ ಸಂಸ್ಥೆ) ಒಪ್ಪಿದ ಬೆಲ್ಟಿನ ಲೇಬಲ್ ಮೇಲೆ ಯಾವ ವರ್ಷದ ತನಕ ಅಂತಲೇ ಇರುತ್ತೆ. ಸ್ಲಿಕ್ ಟೈರಂತೂ (ಗೆರೆ ಇಲ್ಲದ ನುಣ್ಣನೆ ರೇಸ್ ಟೈರು) ಹೊಸದಿದ್ದಾಗ ಉಗುರು ಒತ್ತಿದ್ರೆ ಗುರುತು ಬೀಳುತ್ತೆ, ಮೂಲೆಯಲ್ಲಿ ಸಿಕ್ಕ ನಮ್ಮ ಒಂದೇ ಒಂದು ಹಳೇ ಟೈರಿಗೆ ಸ್ಕ್ರೂಡ್ರೈವರ್ ಒತ್ತಿದ್ರೂ ಏನೂ ಆಗ್ಲಿಲ್ಲ.

ಟಾಪ್ ಸ್ಪೀಡ್ ಎಷ್ಟು?

ಎಲ್ಲಾ ಅಂಕಲ್‌ಗಳ ಮೊದಲ ಪ್ರಶ್ನೆ. ಉತ್ತರ ಕೇಳಿ ಬೇಜಾರಾಗಬೇಡಿ, ನೂರರ ಆಸುಪಾಸು. ಈ ಗಾಡಿಗಳ ಟ್ರ್ಯಾಕು ಕೋನ್ ಇಟ್ಟು ಮಾಡಿದ ಸುರುಳಿ, ಉದ್ದ ನೇರ ದಾರಿ ಇರಲ್ಲ, ಸರಾಸರಿ ವೇಗ 48ರಿಂದ 57 ಕಿಲೋಮೀಟರ್ ಇರೋ ಹಾಗೆ ಟ್ರ್ಯಾಕ್ ಹಾಕ್ತಾರೆ. ನೆಲದಿಂದ ಎರಡು ಇಂಚು ಮೇಲೆ ಕೂತು ತಿರುವಲ್ಲಿ 50ರಲ್ಲಿ ಹೋಗಿ ನೋಡಿ, ಆಮೇಲೆ ಮಾತಾಡೋಣ.

ರೋಡ್ ಮೇಲೆ ತರ್ತೀರಾ? ಒಂದು ರೌಂಡ್ ಮಾಗಡಿ ರೋಡ್?

ಇಲ್ಲ. ರಿಜಿಸ್ಟ್ರೇಷನ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಹೆಡ್‌ಲೈಟ್ ಇಲ್ಲ, ಹಂಪ್ ಬಂದ್ರೆ ಹೊಟ್ಟೆ ತಾಗುತ್ತೆ. ಗೂಡ್ಸ್ ಆಟೋದಲ್ಲಿ ಹಿಡಿಸಲ್ಲ, ಟೆಂಪೋದಲ್ಲಿ ಕಟ್ಕೊಂಡು ಹೋಗ್ತೀವಿ.

ಎಲೆಕ್ಟ್ರಿಕ್ ಮಾಡ್ಬಹುದಲ್ವಾ?

ಮಾಡ್ಬಹುದು, ಆಗ ಅದು ಬೇರೆ ಗಾಡಿ. ಈಗಿನ ಹುಡುಗ್ರು ಎಲೆಕ್ಟ್ರಿಕ್ ಫಾರ್ಮುಲಾ ಗಾಡಿ ಸೊಗಸಾಗಿ ಕಟ್ತಿದಾರೆ, ಅವರದ್ದು ನೋಡಿ.

ಡ್ರಾಯಿಂಗ್, ಕ್ಯಾಡ್ (ಕಂಪ್ಯೂಟರ್ ಡ್ರಾಯಿಂಗ್) ಫೈಲ್ ಏನಾದ್ರೂ ಸಿಕ್ತಾ?

ಒಬ್ಬ ಸೀನಿಯರ್‌ನ ಹಳೇ ಹಾರ್ಡ್ ಡಿಸ್ಕಲ್ಲಿ ಚಾಸಿ ಫೈಲ್ ಸಿಕ್ತು. ತೆರೆದು ಟೇಪ್ ಹಿಡಿದು ಹೋಲಿಸಿದ್ರೆ ಕಂಪ್ಯೂಟರಲ್ಲಿರೋ ಗಾಡಿಗೂ ಶೆಡ್ಡಲ್ಲಿರೋ ಗಾಡಿಗೂ ಹಲವು ಕಡೆ ಬೆರಳಗಲದ ವ್ಯತ್ಯಾಸ. ವೆಲ್ಡ್ ಮಾಡುವಾಗ ಬಿಸಿಗೆ ಪೈಪು ಎಳ್ಕೊಂಡು ಜರುಗಿರುತ್ತೆ, ಎಂಜಿನ್ ಕೂರ್ಲಿಲ್ಲ ಅಂತ ಕೊನೇ ರಾತ್ರಿ ಒಂದು ಅಡ್ಡಪೈಪನ್ನೇ ಕತ್ತರಿಸಿ ಸರಿಸಿದಾರೆ. ನಾವು ಶೆಡ್ಡಿನ ಗಾಡೀನೇ ನಿಜ ಅಂತ ಇಟ್ಕೊಂಡು ಹೊಸದಾಗಿ ಅಳತೆ ತೆಗೆದು ಡ್ರಾಯಿಂಗ್ ಮಾಡ್ತಿದೀವಿ, ಕ್ಯಾಡ್ ಗೊತ್ತಿರೋರು ಈ ಕೆಲಸಕ್ಕೆ ತುಂಬಾ ಬೇಕು.

ಪಾರ್ಟ್ಸ್ ಎಲ್ಲಿಂದ ತರ್ತೀರಾ? ದುಡ್ಡು?

ಹಿಂದಿನ ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್) ಮಾರುತಿ 800ದು. ಆ ಕಾರು 2014ರಲ್ಲೇ ನಿಂತುಹೋದ್ರೂ ಜೆ.ಸಿ. ರೋಡಲ್ಲಿ ಕೇಳಿದ್ರೆ ಎರಡನೇ ಅಂಗಡಿಯಲ್ಲೇ ಸಿಗುತ್ತೆ, ಇದಕ್ಕಾದ್ರೂ ಆ ಹುಡುಗ್ರಿಗೆ ಕೈ ಮುಗೀಬೇಕು. ಬೇರಿಂಗ್, ಬೋಲ್ಟು ಎಸ್.ಜೆ.ಪಿ. ರೋಡ್. ಸಸ್ಪೆನ್ಷನ್ನಿನ ಬೋಲ್ಟುಗಳಲ್ಲಿ ಮಾತ್ರ ಚೌಕಾಸಿ ಮಾಡಲ್ಲ, ತಲೆ ಮೇಲೆ 8.8 ಅಥವಾ ಮೇಲಿನ ಗ್ರೇಡ್ ಅಚ್ಚಿರ್ಬೇಕು, ನೈಲಾನ್ ನಟ್ಟು ಒಂದ್ಸಲ ಬಿಚ್ಚಿದ್ರೆ ಮತ್ತೆ ಹಾಕಲ್ಲ. ದುಡ್ಡು ಎಲ್ಲರ ಜೇಬಿಂದ, ಲೆಕ್ಕ ಶೆಡ್ ಬಾಗಿಲ ಹಿಂದೆ ಅಂಟಿಸಿರೋ ಹಾಳೆಯಲ್ಲಿದೆ, ಯಾರು ಬೇಕಾದ್ರೂ ನೋಡ್ಬಹುದು. ಗಾಡಿ ಮಾರಲ್ಲ, ದಯವಿಟ್ಟು ಕೇಳಬೇಡಿ.

ನಾನು ಮೆಕ್ಯಾನಿಕಲ್ ಓದಿಲ್ಲ, ಬರ್ಬಹುದಾ?

ಬನ್ನಿ. ಇಲಿಗಳು ತಿಂದುಹಾಕಿದ್ದ ವೈರಿಂಗನ್ನ ಪೂರ್ತಿ ಹೊಸದಾಗಿ ಎಳೆದದ್ದು ಬಿ.ಕಾಂ ಓದಿದ ಅಕ್ಕ, ಒಂದೊಂದು ವೈರಿಗೂ ನಂಬರ್ ಹಾಕಿ ಪಟ್ಟಿ ಮಾಡಿಟ್ಟಿದಾರೆ, ಅಷ್ಟು ಅಚ್ಚುಕಟ್ಟು ಕೆಲಸ ಈ ಗಾಡಿಯಲ್ಲಿ ಇನ್ನೆಲ್ಲೂ ಇಲ್ಲ. ಕಾಲೇಜಿನ ರಿಟೈರ್ಡ್ ಲೇತ್ ಇನ್‌ಸ್ಟ್ರಕ್ಟರ್ ಒಬ್ಬರು ಬರ್ತಾರೆ, ಎಲ್ಲರಿಗೂ ಮೇಷ್ಟ್ರು. ಅವರು ಬೇಡ ಅಂದ್ರೆ ಆ ಕೆಲಸ ಇಲ್ಲ.

ಮಕ್ಕಳನ್ನ ಕರ್ಕೊಂಡು ಬಂದ್ರೆ ಕೂರಿಸ್ತೀರಾ?

ನಿಂತಿರುವಾಗ ಖಂಡಿತ. ದೊಡ್ಡವರಿಗೆ ಒಂದು ಸವಾಲು ಇದೆ, ಬೆಲ್ಟ್ ಹಾಕ್ಕೊಂಡು ಕೂತು ಐದು ಸೆಕೆಂಡಲ್ಲಿ ಆಚೆ ಬರ್ಬೇಕು, ಸ್ಪರ್ಧೆಯಲ್ಲಿ ಡ್ರೈವರ್‌ಗಳಿಗೆ ಇದು ಕಡ್ಡಾಯ ಪರೀಕ್ಷೆ. ಹೊಟ್ಟೆ ಇರೋರಿಗೆ ಕೂರೋದೇ ಒಂದು ಪರೀಕ್ಷೆ.

ಯಾವಾಗ ಮುಗಿಯುತ್ತೆ?

ಆಯುಧ ಪೂಜೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ನಾವೇ ಓಡಿಸಿ ತೆಗೀಬೇಕು ಅಂತ ಆಸೆ. ಹೋದ ಸಲ ತಳ್ಳಿ ತೆಗೆದ್ವಿ. ಡ್ಯಾಂಪರ್ ಇನ್ನೂ ಸಿಕ್ಕಿಲ್ಲ, ಫೈಬರ್ ಬಾಡಿಯ ಮೂತಿ ಇನ್ನೂ ಉಜ್ಜೋದಿದೆ, ತಾರೀಖು ಕೇಳಬೇಡಿ.

ಬರೋವಾಗ ಏನು ತರ್ಬೇಕು?

ಚಪ್ಪಲಿ ಹಾಕ್ಕೊಂಡು ಬಂದವರನ್ನ ಮೇಷ್ಟ್ರು ಬಾಗಿಲಲ್ಲೇ ವಾಪಸ್ ಕಳಿಸ್ತಾರೆ, ಶೂ ಬೇಕೇ ಬೇಕು. ಫೈಬರ್ ಉಜ್ಜೋ ಕೆಲಸಕ್ಕೆ ತುಂಬುತೋಳಿನ ಹಳೇ ಶರ್ಟು, ಇಲ್ಲಾಂದ್ರೆ ಎರಡು ದಿನ ಕೈ ಕೆರ್ಕೊಳ್ತಾನೇ ಇರ್ತೀರ, ಮಾಸ್ಕ್ ನಾವು ಕೊಡ್ತೀವಿ. ದುಪಟ್ಟಾ, ಕೊರಳ ಸರ, ಉಂಗುರ ಮನೆಯಲ್ಲೇ ಬಿಟ್ಟು ಬನ್ನಿ. ಹತ್ತರ ಸ್ಪ್ಯಾನರ್ ಇದ್ರೆ ತನ್ನಿ, ನಮ್ಮವು ಎಲ್ಲಿಗೆ ಹೋಗ್ತಾವೋ ಗೊತ್ತಾಗ್ತಿಲ್ಲ.